ಎರಡನೆಯ ಕ್ಲಚ್ ಕೇಬಲ್

ದೂರದ ಪ್ರಯಾಣಕ್ಕೆ ಹೊರಡುವ ಗಾಡಿಯ ಚೀಲದಲ್ಲಿ ಹೊಸ ಸಾಮಾನನ್ನು ಇಟ್ಟು ಕಳಿಸಬಾರದು. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನಲವತ್ತಾರು ವರ್ಷ ಗ್ಯಾರೇಜು ನಡೆಸಿದ ನಾನು ಯಾರಿಗಾಗಿಯೂ ಸಡಿಲಿಸದೆ ಇದ್ದ ನಿಯಮ ಅದೊಂದೇ. ಡಬ್ಬಿಯಲ್ಲಿ ಹೊಳೆಯುತ್ತಿರುವ ಸಾಮಾನು ಒಳ್ಳೆಯದೋ ಕೆಟ್ಟದ್ದೋ ಅದನ್ನು ಮಾಡಿದವನಿಗೂ ಗೊತ್ತಿರುವುದಿಲ್ಲ. ಮೊದಲು ಅದನ್ನು ಗಾಡಿಗೆ ಹಾಕಬೇಕು. ಇನ್ನೂರು ಕಿಲೋಮೀಟರಾದರೂ ಓಡಿಸಿ ಬಿಸಿಲು, ಧೂಳು, ಗುಂಡಿ ಎಲ್ಲವನ್ನೂ ತೋರಿಸಬೇಕು. ಆಮೇಲೆ ಬಿಚ್ಚಿ, ಒರೆಸಿ, ಎಣ್ಣೆ ಸವರಿ ಚೀಲಕ್ಕೆ ಸೇರಿಸಬೇಕು. ಊರು ಕಾಣದ ದಾರಿಯಲ್ಲಿ ಗಾಡಿ ನಿಂತಾಗ ಕೈಗೆ ಬರುವ ಸಾಮಾನು ಒಮ್ಮೆ ಓಡಿ ತೋರಿಸಿದ್ದಾಗಿರಬೇಕು.

ನಿಯಮ ನನ್ನದು, ಅದನ್ನು ಕಾಯುತ್ತಿದ್ದವಳು ನನ್ನ ಹೆಂಡತಿ ದಿಲ್ಶಾದ್ ಬೇಗಂ. ಸೀಟು ಹೊಲಿಯುವವರ ಅಂಗಡಿಯಲ್ಲಿ ಉಳಿದ ರೆಕ್ಸಿನ್ ತುಂಡುಗಳನ್ನು ತಂದು, ಹನ್ನೆರಡು ಜೇಬುಗಳಿರುವ ಒಂದು ಉದ್ದನೆಯ ಪಟ್ಟಿಯನ್ನು ಹೊಲಿಯುತ್ತಿದ್ದಳು. ಸಾಮಾನು ತುಂಬಿ ಸುತ್ತಿದರೆ ಅದು ಹಾಸಿಗೆಯ ಸುರುಳಿಯ ಹಾಗೆ ಆಗುತ್ತಿತ್ತು. ನಾನು ಒಂದೊಂದೇ ಸಾಮಾನನ್ನು ಹೆಸರು ಹೇಳಿ ಕೊಡುತ್ತಿದ್ದೆ: ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಚೈನಿನ ಲಾಕು, ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು. ಅವಳು ಆ ಹೆಸರನ್ನು ತಿರುಗಿ ಹೇಳಿ, "ಓಡಿದ್ದಾ?" ಎಂದು ಕೇಳಿ, ನಾನು ಹೌದೆಂದ ಮೇಲೆ ಬಿಸ್ಮಿಲ್ಲಾ ಎಂದು ಹಸಿರು ದಾರದ ಒಂದು ಗಂಟು ಕಟ್ಟಿ ಜೇಬಿಗೆ ಇಳಿಸುತ್ತಿದ್ದಳು. ಗಂಟಿಲ್ಲದ ಸಾಮಾನಿಗೆ ಆ ಸುರುಳಿಯಲ್ಲಿ ಜಾಗವಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಕೊನೆಯವರೆಗೆ ಜಗಳವಿತ್ತು. ನಾನು ಒಂದು ಕ್ಲಚ್ ಕೇಬಲ್ ಕೊಟ್ಟರೆ ಅವಳು ಎರಡು ಬೇಕೆನ್ನುತ್ತಿದ್ದಳು. ನಾನು ಕೊಡದಿದ್ದರೆ ನನ್ನ ಕಣ್ಣು ತಪ್ಪಿಸಿ ಗೂಟದಲ್ಲಿ ತೂಗುಹಾಕಿದ್ದ ಇನ್ನೊಂದನ್ನು ತೆಗೆದು ತುರುಕುತ್ತಿದ್ದಳು.

"ಒಂದು ಸಾಕು ಅಂದೆನಲ್ಲ. ತೂಕ ಸುಮ್ಮನೆ."

"ಒಂದು ಗಾಡಿಯವರಿಗೆ. ಇನ್ನೊಂದು ದಾರೀಲಿ ಸಿಗೋರಿಗೆ."

"ದಾರೀಲಿ ಸಿಗೋರ ಗಾಡಿ ಯಾವುದು ಅಂತ ನಿನಗೇನು ಗೊತ್ತು?"

"ಅದು ಅಲ್ಲಾಹನಿಗೆ ಗೊತ್ತು. ನೀವು ಪಾನಾ ಹಿಡೀರಿ."

ನಮ್ಮ ಮನೆಯ ಮಾತು ಉರ್ದು. ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಅತ್ತ ತಿರುಗಿದ ಮೇಲೆ ನಾನು ಆ ಎರಡನೆಯ ಕೇಬಲನ್ನು ತೆಗೆದು ಗೂಟಕ್ಕೆ ಹಾಕುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು. ಮುಂದಿನ ಸಲ ಮತ್ತೆ ತುರುಕುತ್ತಿದ್ದಳು.

ಈಗ ಅವಳು ಹೋಗಿ ವರ್ಷ ದಾಟಿತು. ನಾನು ಹೇಳಹೊರಟಿರುವುದು ಅವಳು ಹೋದ ಆರನೆಯ ತಿಂಗಳಿನ ಮಾತು. ಗ್ಯಾರೇಜನ್ನು ಮಗ ಜಾವೀದ್ ನೋಡಿಕೊಳ್ಳುತ್ತಿದ್ದ. ನಾನು ಐದು ಹೊತ್ತಿನ ನಮಾಜಿನ ನಡುವೆ ಅಲ್ಲಿ ಹೋಗಿ ಕೂತು, ಹಳೆಯ ಗಾಡಿ ಬಂದರೆ ಮಾತ್ರ ಕೈ ಹಾಕುತ್ತಿದ್ದೆ.

ದಸರಾ ರಜೆಗೆ ಎಂಟು ದಿನ ಮುಂಚೆ ಮೊಳಕಾಲ್ಮುರಿನಿಂದ ರೂಪ ಬಂದಳು. ಅಲ್ಲಿಯ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು; ಮೂವತ್ತೈದರ ವಯಸ್ಸು. ಅವಳ ತಂದೆ ಯತ್ತಪ್ಪ ಕುದಾಪುರದ ಕಡೆ ದನ ಕಾಯುತ್ತಿದ್ದವನು. ಆತ ಕೊನೆಗಾಲದಲ್ಲಿ ಯಾರಿಂದಲೋ ಕೊಂಡ ಹಳೆಯ ಬುಲೆಟ್ಟನ್ನು ಅವಳು ಇಂದಿಗೂ ಓಡಿಸುತ್ತಾಳೆ. ಆ ಗಾಡಿಗೂ ನನಗೂ ಇಪ್ಪತ್ತು ವರ್ಷದ ಪರಿಚಯ.

"ಚಾಚಾ, ಈ ಸಲ ಹೊರಟೇ ಬಿಡ್ತೀನಿ. ಹದಿನೆಂಟು ದಿನ ರಜಾ ಐತೆ."

"ಗುಜರಾತಿಗೇನಾ?"

"ಮತ್ತೆ? ಹುಲ್ಲು ನೋಡಕ್ಕೆ."

ಗಾಡಿಯ ಕೆಳಗಿದ್ದ ಜಾವೀದ್ ತಲೆ ಹೊರಗೆ ಹಾಕಿದ. "ಅಕ್ಕ, ಹುಲ್ಲು ನೋಡಕ್ಕೆ ಹೋಗ್ತಾ ಬರ್ತಾ ಮೂರು ಸಾವಿರ ಕಿಲೋಮೀಟರಾ? ಉಳ್ಳಾರ್ತಿ ಕಾವಲು ಇಲ್ಲೇ ಐತಲ್ಲ."

"ಅದಕ್ಕೆ ಸರ್ಕಾರದೋರು ಕಾಂಪೌಂಡ್ ಹಾಕ್ಯವ್ರಲ್ಲಪ್ಪ. ನೀನೇ ಹೋಗಿ ಗೇಟಿನಾಗೆ ಕೇಳು, ನಮ್ಮಕ್ಕ ಹುಲ್ಲು ನೋಡ್ಬೇಕಂತೆ ಅಂತ."

ಕಛ್ ಸೀಮೆಯಲ್ಲಿ ನಮ್ಮ ಕಾವಲಿಗಿಂತ ದೊಡ್ಡ ಹುಲ್ಲುಗಾವಲು ಇದೆ, ಅಲ್ಲಿಯ ಎಮ್ಮೆಗಳು ಸಂಜೆ ತಾವೇ ಮೇಯಲು ಹೋಗಿ ಬೆಳಿಗ್ಗೆ ತಾವೇ ಮನೆಗೆ ಬರುತ್ತವೆ ಎಂದು ಯತ್ತಪ್ಪನಿಗೆ ಯಾರೋ ದನದ ಡಾಕ್ಟರು ಹೇಳಿದ್ದರಂತೆ. ಆತ ಅದನ್ನು ಮಗಳಿಗೆ ನೂರು ಸಲ ಹೇಳಿದ್ದ. ಕಳೆದ ಬೇಸಿಗೆಯ ರಜೆಗೇ ಅವಳು ಹೊರಡಬೇಕಿತ್ತು. ಆಗ ದಿಲ್ಶಾದ್ ಹಾಸಿಗೆ ಹಿಡಿದಳು. ರೂಪ ಪ್ರಯಾಣ ನಿಲ್ಲಿಸಿ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ನನ್ನ ಸೊಸೆ ಫರ್ಜಾನಾಳ ಜೊತೆ ಸರದಿಯಂತೆ ಕೂತಳು. ಅದನ್ನು ನಾನು ಮರೆಯುವಂತಿಲ್ಲ. ಮರೆಯಲಿಲ್ಲವೆಂದೇ ಮುಂದೆ ನನಗೆ ಹೆಚ್ಚು ನಾಚಿಕೆಯಾಯಿತು.

ಗಾಡಿಯನ್ನು ಐದು ದಿನ ಇಟ್ಟುಕೊಂಡೆ. ಚೈನು, ಬ್ರೇಕ್ ಶೂ, ಹಿಂದಿನ ಟೈರು ಬದಲಾಯಿಸಿದೆ. ಹ್ಯಾಂಡಲಿನ ಬೇರಿಂಗಿಗೆ ಗ್ರೀಸು ತುಂಬಿದೆ. ಹಳೆಯ ಕ್ಲಚ್ ಕೇಬಲಿನಲ್ಲಿ ಎರಡು ಎಳೆ ಹರಿದಿದ್ದವು. ಅದನ್ನು ಎಸೆದು ಹೊಸದು ಹಾಕಿದೆ. ಭಾರದ ಸಾಮಾನು ಕೆಳಗೆ, ಹಗುರದ್ದು ಮೇಲೆ, ಎರಡು ಪಕ್ಕದ ತೂಕ ಸಮ ಇರಬೇಕೆಂದು ಹಿಂಬದಿಯ ಚೀಲಗಳನ್ನು ತಕ್ಕಡಿಯಲ್ಲಿಟ್ಟು ತೂಗಿದೆ. ಇಷ್ಟೆಲ್ಲ ಸರಿಯಾಗಿಯೇ ಮಾಡಿದೆ. ಉಳಿದದ್ದು ಸಾಮಾನಿನ ಸುರುಳಿ.

ಆ ಸುರುಳಿ ತಯಾರಾಗಿಯೇ ಇತ್ತು. ಬೇಸಿಗೆಯ ಪ್ರಯಾಣಕ್ಕೆಂದು ನಾನು ಮಾಘದಿಂದಲೇ ಒಂದೊಂದು ಸಾಮಾನನ್ನು ರೂಪಳ ಗಾಡಿಯಲ್ಲೇ ಓಡಿಸಿ ಬಿಚ್ಚಿ ತಂದುಕೊಟ್ಟಿದ್ದೆ. ಕೊನೆಯ ಸಾಮಾನುಗಳಿಗೆ ದಿಲ್ಶಾದ್ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತು ಗಂಟು ಕಟ್ಟಿದಳು. ಸುತ್ತಿ, ಲಾಡಿ ಬಿಗಿದು, ತನ್ನ ತಗಡಿನ ಟ್ರಂಕಿನಲ್ಲಿ ಇಡಿಸಿದಳು. ಅದು ಕಟ್ಟಿ ಮುಗಿದಿತ್ತೆಂದು ರೂಪಳಿಗೆ ತಿಳಿದಿರಲಿಲ್ಲ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ನಾನು ಟ್ರಂಕು ತೆರೆದೆ. ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೇಲಿನ ಜೇಬಿನಿಂದ ಆಕ್ಸಿಲರೇಟರ್ ಕೇಬಲಿನ ತುದಿ ಕಾಣುತ್ತಿತ್ತು. ಅದರ ಮೇಲೆ ಹಸಿರು ಗಂಟು. ಕೈ ನಡುಗುತ್ತಿದ್ದ ದಿನಗಳಲ್ಲಿ ಕಟ್ಟಿದ್ದು, ಆದರೂ ಗಂಟು ಬಿಗಿಯಾಗಿತ್ತು. ಅವಳ ಸೀರೆಗಳನ್ನು ಸೊಸೆ ಬಡವರಿಗೆ ಹಂಚಿದ್ದಳು, ಅದು ಸರಿಯಾದದ್ದೇ. ಅವಳ ಕೈಯ ಕೆಲಸವೆಂದು ನನ್ನ ಬಳಿ ಉಳಿದದ್ದು ಇದೊಂದೇ ಎಂದು ನನಗೆ ಅನ್ನಿಸಿತು. ಇದು ಗುಜರಾತಿಗೆ ಹೋಗುತ್ತದೆ. ಯಾವುದೋ ರಸ್ತೆಯ ಬದಿಯಲ್ಲಿ ಯಾರೋ ಗಂಟನ್ನು ಹರಿದು ಎಸೆಯುತ್ತಾರೆ. ನಾನು ಟ್ರಂಕನ್ನು ಮುಚ್ಚಿದೆ.

ಮರುದಿನ ಇನ್ನೊಂದು ಹಳೆಯ ರೆಕ್ಸಿನ್ ಪಟ್ಟಿ ಹುಡುಕಿ, ಪೇಟೆಯಿಂದ ಎಲ್ಲ ಸಾಮಾನನ್ನೂ ಹೊಸದಾಗಿ ತಂದು ತುಂಬಿದೆ. ಗಾಡಿಗೆ ಹಾಕಿದ ಕ್ಲಚ್ ಕೇಬಲ್ ತಂದ ಡಬ್ಬಿಯಲ್ಲೇ ಇನ್ನೆರಡು ಇದ್ದವು. ಒಂದನ್ನು ಸುರುಳಿಗೆ ಹಾಕಿದೆ, ಒಂದನ್ನು ಗೂಟಕ್ಕೆ.

ಜಾವೀದ್ ನೋಡಿ ಕೇಳಿದ, "ಓಡಿಸಿದ್ದಾ ಅಬ್ಬಾ?"

"ನಿನ್ನ ಕೆಲಸ ನೋಡ್ಕೋ," ಎಂದೆ.

ಶನಿವಾರ ರೂಪ ಗಾಡಿ ಒಯ್ಯಲು ಬಂದಳು. ಸುರುಳಿಯನ್ನು ಬಿಚ್ಚಿ ನೋಡಿದಳು.

"ಗಂಟಿಲ್ವಲ್ಲ ಚಾಚಾ?"

"ಗಂಟು ಕಟ್ಟೋರು ಯಾರಮ್ಮ ಈಗ? ಎಲ್ಲಾ ಓಡಿಸಿದ್ದೇ ಐತೆ."

ಅವಳ ಮುಖ ಬಾಡಿತು. "ತಪ್ಪಾಯ್ತು ಚಾಚಾ. ಕೇಳಬಾರ್ದಿತ್ತು ನಾನು," ಎಂದು ಸುರುಳಿಯನ್ನು ಸುತ್ತಿ ಎದೆಗೆ ಒತ್ತಿಕೊಂಡು ಹೋದಳು. ಸುಳ್ಳು ಹೇಳಿದವನು ನಾನು. ಕ್ಷಮೆ ಕೇಳಿದವಳು ಅವಳು. ಆ ಸಂಜೆಯ ನಮಾಜಿನಲ್ಲಿ ಎಷ್ಟನೆಯ ರಕಾತಿನಲ್ಲಿದ್ದೇನೆಂಬ ಎಣಿಕೆ ನನಗೆ ಎರಡು ಸಲ ತಪ್ಪಿತು.

ಭಾನುವಾರ ಗೌರಸಮುದ್ರದ ಕೊಟ್ಟೂರಪ್ಪ ಬಂದ. ಹಾಲಿನ ಕ್ಯಾನು ಹೇರಲು ಅವನದೂ ಅಂಥದ್ದೇ ಹಳೆಯ ಗಾಡಿ. ಕ್ಲಚ್ ಕೇಬಲ್ ಹೋಗಿತ್ತು. ಜಾವೀದ್ ಗೂಟದ ಮೇಲಿದ್ದ ಹೊಸದನ್ನು ತೆಗೆದು ಹಾಕಿದ. ಕೊಟ್ಟೂರಪ್ಪ ಸೀಟಿನ ಮೇಲೆ ಕೂತು ಲಿವರನ್ನು ನಾಲ್ಕು ಸಲ ಎಳೆದ. ಐದನೆಯ ಸಲಕ್ಕೆ ಲಿವರು ಸಡಿಲವಾಗಿ ಕೈಗೆ ಬಂತು. ತಂತಿಯ ತುದಿಗೆ ಬೆಸುಗೆ ಹಾಕಿದ್ದ ಸೀಸದ ಗುಂಡು ಕಳಚಿ ನೆಲಕ್ಕೆ ಬಿದ್ದಿತ್ತು.

"ಸಾಬಣ್ಣ, ಇದು ಕೇಬಲ್ಲೋ ಶಾವಿಗೆನೋ?" ಎಂದ ಕೊಟ್ಟೂರಪ್ಪ. "ಹಬ್ಬಕ್ಕೆ ಪಾಯಸ ಮಾಡ್ಸಕ್ಕೆ ಆಯ್ತದೆ ಕಣಯ್ಯ."

ನನಗೆ ನಗು ಬರಲಿಲ್ಲ. ಅದೇ ಡಬ್ಬಿಯ ಒಂದು ಕೇಬಲ್ ರೂಪಳ ಗಾಡಿಯಲ್ಲಿತ್ತು, ಇನ್ನೊಂದು ಅವಳ ಚೀಲದಲ್ಲಿತ್ತು. ಘಟ್ಟದ ಇಳಿಜಾರಿನಲ್ಲೋ ಲಾರಿಗಳ ನಡುವೆಯೋ ಕ್ಲಚ್ ಕೈಕೊಟ್ಟರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಫೋನು ಮಾಡಿದೆ.

"ರೂಪ, ಯಾವಾಗ ಹೊರಡ್ತೀಯಾ?"

"ನಾಳೆ ಬೆಳಿಗ್ಗೆ ಆರಕ್ಕೆ ಚಾಚಾ. ನುಂಕೆಮಲೆ ದೇವ್ರಿಗೆ ಇವತ್ತೇ ಕೈ ಮುಗಿದು ಬಂದೆ."

"ನಾನು ಬರೋವರೆಗೂ ಗಾಡಿ ಹೊರಗೆ ತೆಗೀಬೇಡ. ಕ್ಲಚ್ ಕೇಬಲ್ ಸರಿಯಿಲ್ಲ."

"ನೀವ್ಯಾಕೆ ಬರ್ತೀರಿ, ಜಾವೀದನ ಕೈಲಿ ಕಳ್ಸಿ."

"ನಾನೇ ಬರ್ತೀನಿ," ಎಂದು ಫೋನು ಇಟ್ಟೆ.

ಜಾವೀದ್ ಗೂಟಗಳನ್ನೆಲ್ಲ ತಡಕಿದ. "ಆ ಗಾಡಿಗೆ ಹೊಂದೋ ಓಡಿದ ಕೇಬಲ್ ಒಂದೂ ಇಲ್ಲ ಅಬ್ಬಾ."

"ಐತೆ," ಎಂದೆ. "ನಿನ್ನ ಅಮ್ಮಿಯ ಟ್ರಂಕಿನಲ್ಲಿ."

ಅವನಿಗೆ ಎಲ್ಲವೂ ಅರ್ಥವಾಯಿತು. ಫರ್ಜಾನಾ ಒಳಗಿನಿಂದ ಬಂದು, "ಮಾವ, ಆ ಟ್ರಂಕಿನ ಬೀಗದ ಕೈ ನೀವು ತಲೆದಿಂಬಿನ ಕೆಳಗೆ ಇಟ್ಕೊಂಡಾಗ್ಲೇ ಅಂದ್ಕೊಂಡೆ," ಎಂದಳು.

ಮರುದಿನ ನಸುಕಿನ ಫಜರ್ ನಮಾಜಿನಲ್ಲಿ ಸುಳ್ಳಿಗಾಗಿ ಕ್ಷಮೆ ಬೇಡಿ, ಸುರುಳಿಯನ್ನು ಮೊಪೆಡ್ಡಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ಹೊರಟೆ. ತಳಕು ದಾಟುವಾಗ ಬೆಳಕಾಯಿತು. ಹೊಲಗಳಲ್ಲಿ ಕಿತ್ತ ಶೇಂಗಾ ಬಳ್ಳಿಯ ಗುಡ್ಡೆಗಳು ಇಬ್ಬನಿಯಲ್ಲಿ ನೆನೆದು ಮಣ್ಣಿನ ವಾಸನೆ ಬರುತ್ತಿತ್ತು. ನನ್ನ ಮೊಪೆಡ್ಡಿಗೆ ನಲವತ್ತರ ಮೇಲೆ ವೇಗವಿಲ್ಲ. ಬಿ.ಜಿ. ಕೆರೆಯ ಹತ್ತಿರ ಒಮ್ಮೆ ನಿಲ್ಲಿಸಿ ಸುರುಳಿಯ ಲಾಡಿಯನ್ನು ಮುಟ್ಟಿ ನೋಡಿದೆ. ನಿಜ ಹೇಳಬೇಕೆಂದರೆ, ಬರೀ ಕೇಬಲ್ ಒಂದನ್ನು ಮಾತ್ರ ಹೊರಗೆ ತೆಗೆದು ಉಳಿದದ್ದನ್ನು ವಾಪಸು ಒಯ್ಯಬಹುದೇ ಎಂದು ಅಲ್ಲಿಯೂ ಯೋಚಿಸಿದೆ.

ಮೊಳಕಾಲ್ಮುರು ತಲುಪಿದಾಗ ಏಳೂವರೆ. ಬೀದಿಯಲ್ಲಿ ಮಗ್ಗದ ಸದ್ದು ಶುರುವಾಗಿತ್ತು. ರೂಪಳ ತಾಯಿ ಮೂಗಮ್ಮ ಬಾಗಿಲಲ್ಲೇ ಕೂತಿದ್ದಳು. ಗಾಡಿಗೆ ವಿಭೂತಿ, ಕುಂಕುಮ. ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು.

"ಏಮಣ್ಣಾ, ಇಂತ ಪೊದ್ದುನ್ನೇ ಬಂದ್ಯಲ್ಲ," ಎಂದಳು. ಬೆಳ್ಳಂಬೆಳಿಗ್ಗೆ ಬಂದೆಯಲ್ಲ ಎಂದು. ಆ ಕಡೆಯವರಿಗೆ ತೆಲುಗು, ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತವೆ. "ನಿಂಬೆಹಣ್ಣು ಆರು ಗಂಟೆಯಿಂದ ನಿನ್ನೇ ಕಾಯ್ಕೊಂಡು ಕುಂತೈತೆ."

ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ರೂಪ, ನಾನು ಸುಳ್ಳು ಹೇಳಿದೆ. ನಿನಗೆ ಕೊಟ್ಟ ಸಾಮಾನು ಒಂದೂ ಓಡಿಸಿದ್ದಲ್ಲ. ನಿನಗೆ ಅಂತ ನಿಮ್ಮ ಚಾಚಿ ಕಟ್ಟಿಟ್ಟಿದ್ದು ಇದು. ಕೊಡೋಕೆ ಮನಸ್ಸು ಬರ್ಲಿಲ್ಲ, ಟ್ರಂಕಿನಲ್ಲಿ ಬಚ್ಚಿಟ್ಟೆ."

ರೂಪ ಸುರುಳಿಯನ್ನು ನೋಡಿದಳು, ಮುಟ್ಟಲಿಲ್ಲ. "ಚಾಚಿ ಇದ್ದಿದ್ರೆ ನಿಮಗೆ ಚೆನ್ನಾಗಿ ಬೈತಿದ್ರು," ಎಂದಳು.

"ಹೌದು."

"ಅವ್ರ ಬದ್ಲು ನಾನು ಬೈಲಾ?"

"ಬೈಯಿ."

"ಮೊದ್ಲು ಇಡ್ಲಿ ತಿನ್ರಿ. ಹಸ್ಕೊಂಡೋರನ್ನ ಬೈಯಕ್ಕೆ ನನಗೆ ಬರಲ್ಲ."

ಇಡ್ಲಿ ತಿನ್ನುವಾಗ ಅವಳು ಮೆಲ್ಲಗೆ ಹೇಳಿದಳು, "ಚಾಚಾ, ಗಾಡಿಗೆ ಕೇಬಲ್ ಒಂದು ಹಾಕ್ಕೊಡ್ರಿ ಸಾಕು. ಉಳಿದಿದ್ದು ಹಂಗೇ ಮನೆಗೆ ತಗೊಂಡು ಹೋಗ್ರಿ. ದಾರೀಲಿ ಊರುಗಳು ಸಿಗ್ತವೆ, ಏನಾದ್ರೂ ಆದ್ರೆ ಕೊಂಡ್ಕೊಳ್ತೀನಿ."

ಬಿ.ಜಿ. ಕೆರೆಯಲ್ಲಿ ನಾನು ಯೋಚಿಸಿದ್ದನ್ನೇ ಅವಳು ಬಾಯಿಬಿಟ್ಟು ಹೇಳಿದ್ದಳು. ಒಪ್ಪಿಕೊಳ್ಳುವುದು ಸುಲಭವಿತ್ತು. ಆದರೆ ಅವಳ ಚೀಲದಲ್ಲಿದ್ದ ಪಾಯಿಂಟು, ಕಂಡೆನ್ಸರು, ಟ್ಯೂಬು ಎಲ್ಲವೂ ಆ ಕೇಬಲಿನ ಹಾಗೆಯೇ ಗುರುತಿಲ್ಲದ ಸಾಮಾನು. ದಿಂಬಿಗೆ ಒರಗಿ, ಉಸಿರು ಸಾಲದೆ, ಒಂದೊಂದಕ್ಕೂ "ಓಡಿದ್ದಾ?" ಎಂದು ಕೇಳಿ ಕಟ್ಟಿದವಳು ಇದನ್ನು ಟ್ರಂಕಿನಲ್ಲಿಡಲೆಂದು ಕಟ್ಟಿರಲಿಲ್ಲ.

"ಇಲ್ಲಮ್ಮ," ಎಂದೆ. "ಇದು ನಿನ್ನ ಸಾಮಾನು. ನಾನು ಕದ್ದಿದ್ದೆ, ಅಷ್ಟೇ."

ಜಗಲಿಯ ಮೇಲೆ ಸುರುಳಿಯನ್ನು ಬಿಡಿಸಿದೆ. ಹೆಸರು ಹೇಳುತ್ತ ಒಂದೊಂದೇ ಜೇಬು ನೋಡಿದೆ. ರೂಪ ತಿರುಗಿ ಹೇಳಿದಳು. ಪ್ಲಗ್ಗು. ಪಾಯಿಂಟು. ಚೈನಿನ ಲಾಕು. ಒಂಬತ್ತನೆಯ ಜೇಬಿಗೆ ಕೈ ಹಾಕಿ ಕ್ಲಚ್ ಕೇಬಲ್ ಎಳೆದೆ. ಅದರ ಹಿಂದೆಯೇ ಇನ್ನೊಂದು ಬಂತು. ಎರಡನ್ನೂ ಒತ್ತಾಗಿ ಸುತ್ತಿ ಒಂದರೊಳಗೊಂದು ಇಟ್ಟಿದ್ದಳು, ನನಗೆ ಮೇಲಿನಿಂದ ಕಾಣದ ಹಾಗೆ. ಎರಡಕ್ಕೂ ಗಂಟು.

ಆ ಸಲ ಮಾತ್ರ ನಾನು ಎರಡನೆಯದು ಇದೆಯೇ ಎಂದು ಹುಡುಕಿರಲಿಲ್ಲ. ಹುಡುಕುವ ಮನಸ್ಥಿತಿ ಆಗ ನನಗೆಲ್ಲಿತ್ತು? ಅದು ನಾನು ಎಂದೋ ಓಡಿಸಿ ಗೂಟಕ್ಕೆ ಹಾಕಿದ್ದ ಕೇಬಲ್ಲೇ. ಫರ್ಜಾನಾಳ ಕೈಯಲ್ಲಿ ತರಿಸಿಕೊಂಡಿದ್ದಳೆಂದು ಆಮೇಲೆ ತಿಳಿಯಿತು.

"ಯಾಕ್ ಚಾಚಾ, ನಗ್ತೀರಿ?" ಎಂದಳು ರೂಪ.

"ನಿಮ್ಮ ಚಾಚಿ ಗೆದ್ದಳು," ಎಂದೆ. ಜಗಳದ ಕಥೆ ಹೇಳಿದೆ. ಗಾಡಿಯವರಿಗೆ ಒಂದು, ದಾರಿಯಲ್ಲಿ ಸಿಗುವವರಿಗೆ ಒಂದು. ಮೂಗಮ್ಮ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಂಗಸರ ಮಾತು ಕೇಳಕ್ಕೆ ನಿಮಗೆ ಕೇಬಲ್ಲೇ ಕಿತ್ಕೊಂಡು ಬೀಳ್ಬೇಕು," ಎಂದಳು.

ಗಾಡಿಗೆ ಹಾಕಬೇಕೆಂದರೆ ಮೊದಲು ಗಂಟು ತೆಗೆಯಬೇಕು. ದಾರ ತಂತಿಯ ಹೊರಕವಚಕ್ಕೆ ಬಿಗಿದಿತ್ತು. ಮೂಗಮ್ಮ ಈಳಿಗೆ ಮಣೆ ತರಲು ಹೋದಳು. ನಾನು ಬೇಡವೆಂದು ಜೇಬಿನ ಬ್ಲೇಡು ತೆಗೆದೆ. ಕಟ್ಟುವಾಗ ಅವಳು ಹೇಳುತ್ತಿದ್ದ ಹಾಗೆಯೇ ಬಿಸ್ಮಿಲ್ಲಾ ಎಂದು ಕತ್ತರಿಸಿದೆ. ಬೆರಳಿನ ಅಗಲದ ಎರಡು ಹಸಿರು ಎಳೆ ಜಗಲಿಯ ಮೇಲೆ ಬಿದ್ದವು. ಎತ್ತಿಟ್ಟುಕೊಳ್ಳಬೇಕೆಂದುಕೊಂಡೆ. ಅಷ್ಟರಲ್ಲಿ ಗ್ರೀಸಿನ ಕೈ, ಲಿವರಿನ ಬೋಲ್ಟು, ಎಳೆದಾಗ ಎಷ್ಟು ಸಡಿಲು ಬಿಡಬೇಕೆಂಬ ಲೆಕ್ಕ; ಕೆಲಸ ಮುಗಿಸಿ ನೋಡುವಾಗ ಗಾಳಿಗೆ ಹೋಗಿದ್ದವು. ಹುಡುಕಲಿಲ್ಲ.

ಲಿವರನ್ನು ನೂರು ಸಲ ಎಳೆಸಿದೆ. ರೂಪ ಎಣಿಸಿ ಸಾಕಾಗಿ, "ಮಕ್ಕಳಿಗೆ ಬಸ್ಕಿ ಹೊಡೆಸಿದ್ದು ನನಗೇ ತಿರುಗಿ ಬಂತು," ಎಂದಳು. ನಾನು ಕೊಟ್ಟಿದ್ದ ಸುಳ್ಳು ಸುರುಳಿಯನ್ನು ಇಳಿಸಿ, ದಿಲ್ಶಾದಳ ಸುರುಳಿಯನ್ನು ಎಡಚೀಲದ ತಳದಲ್ಲಿ ಇಟ್ಟು ಪಟ್ಟಿ ಬಿಗಿದೆ. ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿ ಹೊರಟಿತು. ಬೀದಿಯ ತಿರುವಿನಲ್ಲಿ ಗೇರು ಬದಲಾಯಿಸಿದ ಸದ್ದು ಕೇಳಿದೆ. ಕ್ಲಚ್ ಚೆನ್ನಾಗಿತ್ತು.

ಹದಿನೇಳನೆಯ ದಿನ ಅವಳು ಬಿಸಿಲಿಗೆ ಮುಖ ಕಪ್ಪಾಗಿಸಿಕೊಂಡು, ಗಾಡಿ ಸರಿಯಾಗಿಟ್ಟುಕೊಂಡು ವಾಪಸಾದಳು. ಒಂದು ಪ್ಲಗ್ಗು, ಒಂದು ಬಲ್ಬು ಬಿಟ್ಟರೆ ಸುರುಳಿಯ ಸಾಮಾನು ಹಾಗೆಯೇ ಇತ್ತು. ಹುಲ್ಲು ಹೇಗಿತ್ತೆಂದು ಕೇಳಿದೆ. "ಅಪ್ಪ ಹೇಳಿದ್ದು ಕಮ್ಮಿ ಚಾಚಾ," ಎಂದಳು. ಎಮ್ಮೆಗಳು ತಾವೇ ಮನೆಗೆ ಬಂದದ್ದನ್ನು ಕಣ್ಣಾರೆ ನೋಡಿದಳಂತೆ. ಸುರುಳಿಯನ್ನು ನನ್ನ ಮುಂದೆ ಇಟ್ಟು, "ಈಗ ನಿಮ್ಮ ಟ್ರಂಕಿಗೆ ಹಾಕ್ಕೊಳ್ರಿ," ಎಂದಳು. ನಾನು ಅದನ್ನು ತಿರುಗಿ ಅವಳ ಚೀಲಕ್ಕೇ ಹಾಕಿದೆ.

ಖಾಲಿಯಾದ ಎರಡು ಜೇಬಿಗೆ ಓಡಿಸಿದ ಪ್ಲಗ್ಗು, ಬಲ್ಬು ಬೇಕಿತ್ತು. ದಿಲ್ಶಾದಳ ಹಸಿರು ದಾರದ ಉಂಡೆ ಟ್ರಂಕಿನಲ್ಲೇ ಇತ್ತು. ಮೊದಲ ಸಲ ನಾನೇ ಗಂಟು ಕಟ್ಟಿದೆ. ಫರ್ಜಾನಾ ನೋಡಿ, "ಮಾವ, ಇದು ಗಂಟಲ್ಲ, ಗುಬ್ಬಚ್ಚಿ ಗೂಡು," ಎಂದು ಬಿಚ್ಚಿ ಮತ್ತೆ ಕಟ್ಟಿಸಿದಳು. ಮೂರನೆಯದು ನಿಂತಿತು.

ಈಗ ದೂರ ಹೋಗುವ ಗಾಡಿ ಬಂದರೆ ಸುರುಳಿ ಕಟ್ಟುವುದು ನಾನೇ. ಕ್ಲಚ್ ಕೇಬಲ್ ಎರಡು ಹಾಕುತ್ತೇನೆ. "ಒಂದು ಸಾಕು ಅಬ್ಬಾ, ತೂಕ ಸುಮ್ಮನೆ," ಎನ್ನುತ್ತಾನೆ ಜಾವೀದ್. ನಾನು ನಮಾಜಿಗೆ ಹೋದಾಗ ಎರಡನೆಯದನ್ನು ತೆಗೆದು ಗೂಟಕ್ಕೆ ಹಾಕಿರುತ್ತಾನೆ. ಬಂದು ಮತ್ತೆ ತುರುಕುತ್ತೇನೆ.